‘ಏನಾಗಬೇಕು ನಿಮಗೆ ಅವರು?’

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬ ಹೆಂಗಸಿನ ಕಥೆ ಇದು. ಗುರುತು ಸಿಗದ ಹಾಗೆ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಬರೆದದ್ದನ್ನು ಓದಿ, ಎರಡು ಕಡೆ ತಿದ್ದಿಯೂ ಕೊಟ್ಟಿದ್ದಾರೆ.

ಆಕೆ ನನ್ನ ಹತ್ತಿರ ಬಂದದ್ದು ಒಂದು ಆಸ್ಪತ್ರೆ ಫಾರಂನಿಂದ. ತನ್ನನ್ನು ಸಾಕಿದ, ತಾನು ‘ಆಂಟಿ’ ಅಂತ ಕರೆಯುವ ಹೆಂಗಸಿಗೆ ಆಪರೇಷನ್ ಇತ್ತು. ಫಾರಂ ತುಂಬಿಸುವ ಕೆಲಸ ಆಕೆಯದು. ಹೆಸರು, ವಯಸ್ಸು, ವಿಳಾಸ ಎಲ್ಲ ಸರಾಗವಾಗಿ ಬರೆದವರು ‘ರೋಗಿಯೊಂದಿಗೆ ಸಂಬಂಧ’ ಅನ್ನುವ ಕಡೆ ನಿಂತುಬಿಟ್ಟರು. ಹಿಂದೆ ಜನ ಕಾಯುತ್ತಿದ್ದರು. ಕೌಂಟರಿನಲ್ಲಿದ್ದವರು, ‘ಏನಾಗಬೇಕು ನಿಮಗೆ ಅವರು?’ ಅಂತ ಕೇಳಿದರು. ಆಕೆಯ ಬಾಯಿಂದ ಥಟ್ಟನೆ ಬಂದ ಮಾತು, ‘ಏನೂ ಆಗಬೇಕಿಲ್ಲ.’

ಆಂಟಿ ಎರಡು ಹೆಜ್ಜೆ ದೂರದ ಕುರ್ಚಿಯಲ್ಲೇ ಕೂತಿದ್ದರು.

ಆಮೇಲೆ ಆಪರೇಷನ್ ಚೆನ್ನಾಗಿ ಆಯಿತು. ಆಂಟಿ ಆ ಮಾತು ಎತ್ತಲೇ ಇಲ್ಲ. ಆದರೆ ಆಕೆಗೆ ನಿದ್ದೆ ಹೋಯಿತು. ಮೂರು ವಾರ ಆದ ಮೇಲೆ ನನ್ನ ಎದುರು ಬಂದು ಕೂತರು. ಬಂದವರೇ ಹೇಳಿದ್ದು, ‘ನನಗೆ ಅಂಥದ್ದೇನೂ ಆಗಿಲ್ಲ ಮೇಡಂ. ಚಿಕ್ಕವಳಿದ್ದಾಗ ಯಾರೂ ಹೊಡೆದಿಲ್ಲ, ಬಡಿದಿಲ್ಲ. ನಿಮ್ಮ ಸಮಯ ಹಾಳು ಮಾಡ್ತಿದ್ದೀನೇನೋ.’

ಮೊದಲ ಭೇಟಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಫ್ಯಾನ್ ನೇರವಾಗಿ ಆಕೆಯ ತಲೆ ಮೇಲಿತ್ತು. ಕೂದಲು ಹಾರಿ ಹಾರಿ ಮುಖಕ್ಕೆ ಬೀಳುತ್ತಿತ್ತು. ಐವತ್ತು ನಿಮಿಷವೂ ಒಂದು ಕೈಯಲ್ಲಿ ಕೂದಲು ಹಿಡಿದುಕೊಂಡೇ ಮಾತಾಡಿದರು. ‘ಫ್ಯಾನ್ ಸ್ವಲ್ಪ ಕಡಿಮೆ ಮಾಡ್ತೀರಾ?’ ಅಂತ ಕೇಳಲಿಲ್ಲ. ನಾನೂ ಬೇಕಂತಲೇ ಎದ್ದು ಕಡಿಮೆ ಮಾಡಲಿಲ್ಲ. ಕೇಳ್ತಾರಾ ಅಂತ ನೋಡಬೇಕಿತ್ತು.

ಕಥೆ ತುಂಡು ತುಂಡಾಗಿ ಬಂತು. ಅಪ್ಪ ಮನೆ ಬಿಟ್ಟು ಹೋಗಿದ್ದರು. ಅಮ್ಮ ದಿನಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಅದು ಕಾಯಿಲೆ ಅಂತ ಯಾರಿಗೂ ಹೊಳೆಯಲಿಲ್ಲ, ಚಿಕಿತ್ಸೆಯೂ ಆಗಲಿಲ್ಲ. ಐದು ವರ್ಷದ ಹುಡುಗಿ ಸ್ಟೂಲ್ ಹತ್ತಿ ಒಲೆ ಹಚ್ಚುತ್ತಿದ್ದಳು. ತಮ್ಮನಿಗೆ ಆಗ ಒಂದು ವರ್ಷ. ಅವನು ಅತ್ತರೆ ಎತ್ತಿಕೊಳ್ಳುವುದು, ಒದ್ದೆ ಬಟ್ಟೆ ಬದಲಿಸುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು, ಎಲ್ಲ ಇವಳೇ. ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ನಾಲ್ಕು ದಿನ ಶಾಲೆಗೆ ಹೋದಾಗ ಟೀಚರ್ ಒಬ್ಬರು ಕೂರಿಸಿಕೊಂಡು ವಿಚಾರಿಸಿದರು. ಅಲ್ಲಿಂದ ಸುದ್ದಿ ಮಕ್ಕಳ ರಕ್ಷಣೆಯವರಿಗೆ ಹೋಯಿತು. ಆಗ ಅವಳಿಗೆ ಏಳು ವರ್ಷ.

ಹೆತ್ತವರ ಬದಲು ಬೇರೆ ಕುಟುಂಬ ಮಗುವನ್ನು ನೋಡಿಕೊಳ್ಳುವ ಮನೆಗೆ ಸಾಕುಮನೆ ಅಂತೀವಿ. ಮೊದಲ ಸಾಕುಮನೆಯಲ್ಲಿ ಐದು ತಿಂಗಳು. ಎರಡನೆಯದಕ್ಕೆ ಹೋಗುವಾಗ ತಮ್ಮನನ್ನು ಬೇರೆ ಮನೆಗೆ ಕಳಿಸಿದರು. ಒಂಬತ್ತನೇ ವಯಸ್ಸಿಗೆ ಮೂರನೇ ಮನೆ, ಅಂದರೆ ಆಂಟಿ ಮನೆ. ಹದಿನೆಂಟರವರೆಗೂ ಅಲ್ಲೇ. ಈಗ ಆಕೆಗೆ ಮೂವತ್ತು ದಾಟಿದೆ. ಒಳ್ಳೆಯ ಕೆಲಸ ಇದೆ. ಒಬ್ಬರೇ ಇದ್ದಾರೆ. ಬಾಗಿಲ ಹಿಂದೆ ಒಂದು ಬ್ಯಾಗ್ ಯಾವಾಗಲೂ ಕಟ್ಟಿಟ್ಟೇ ಇರುತ್ತದೆ. ಎರಡು ಜೊತೆ ಬಟ್ಟೆ, ಸೋಪು, ಟವೆಲ್, ಸರ್ಟಿಫಿಕೇಟುಗಳು. ‘ಎಲ್ಲಿಗೆ ಹೋಗೋಕೆ?’ ಅಂತ ಕೇಳಿದೆ. ‘ಎಲ್ಲಿಗೂ ಇಲ್ಲ ಮೇಡಂ. ಸುಮ್ನೆ.’

ಈಗ ಆಕೆಯ ಮೊದಲ ಮಾತಿಗೇ ಬರುತ್ತೇನೆ. ‘ಅಂಥದ್ದೇನೂ ಆಗಿಲ್ಲ’ ಎಂಬ ಮಾತು ಕಡೆಗಣನೆಯಲ್ಲಿ ಬೆಳೆದವರ ಬಾಯಲ್ಲಿ ನಾನು ಬಹಳ ಸಲ ಕೇಳಿದ್ದೇನೆ. ಪೆಟ್ಟು ತಿಂದವರಿಗೆ ಹೇಳಲು ಒಂದು ಘಟನೆ ಇರುತ್ತದೆ. ಇವರಿಗೆ ಹೇಳಲು ಘಟನೆಯೇ ಇಲ್ಲ. ಯಾಕೆಂದರೆ ಇವರ ಬಾಲ್ಯದಲ್ಲಿ ಆಗಬೇಕಾದದ್ದು ಆಗಿಲ್ಲ, ಅಷ್ಟೇ. ಯಾರೂ ಜ್ವರ ಮುಟ್ಟಿ ನೋಡಿಲ್ಲ. ಯಾರೂ ‘ಊಟ ಆಯ್ತಾ?’ ಅಂತ ಕೇಳಿಲ್ಲ. ಆಗದೇ ಹೋದದ್ದನ್ನು ನೆನಪು ಮಾಡಿಕೊಳ್ಳುವುದು ಹೇಗೆ, ಹೇಳಿ?

ಮಗು ಅತ್ತರೆ ತಾನೇ ತಾಯಿ ಹಾಲು ಕೊಡೋದು ಅಂತೀವಿ. ಅತ್ತರೂ ಯಾರೂ ಬಾರದಿದ್ದರೆ? ಮಗು ಅಳುವುದನ್ನೇ ಬಿಡುತ್ತದೆ. ನೋಡಿದವರು ‘ಎಷ್ಟು ಒಳ್ಳೆ ಮಗು, ಹಟವೇ ಇಲ್ಲ’ ಅಂತಾರೆ. ಆಕೆಗೂ ಎಲ್ಲರೂ ಕೊಟ್ಟ ಸರ್ಟಿಫಿಕೇಟ್ ಅದೇ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗವನ್ನು ಆಕೆಗೆ ವಿವರಿಸಿದೆ. ತಾಯಿ ಮಗುವಿನ ಜೊತೆ ಆಡುತ್ತಿರುತ್ತಾಳೆ. ಹೇಳಿಕೊಟ್ಟ ಪ್ರಕಾರ ಒಮ್ಮೆಲೇ ಮುಖ ಕಲ್ಲಿನ ಹಾಗೆ ಮಾಡಿಕೊಂಡು ಎದುರಿಗೇ ಕೂರುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ. ಯಾವುದಕ್ಕೂ ತಾಯಿಯ ಮುಖ ಅಲುಗದಿದ್ದಾಗ ಮುಖ ತಿರುಗಿಸಿ ತನ್ನೊಳಗೆ ಮುದುಡಿಕೊಳ್ಳುತ್ತದೆ. ಇಷ್ಟಾಗಲು ಕೆಲವೇ ನಿಮಿಷ ಸಾಕು. ಅಲ್ಲಿ ಹೊಡೆತವಿಲ್ಲ, ಬೈಗುಳವಿಲ್ಲ. ಇದನ್ನು ಕೇಳಿ ಆಕೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಮ್ಮಮ್ಮ ವರ್ಷಗಟ್ಟಲೆ ಹಾಗೇ ಇದ್ರು’ ಅಂದರು. ‘ಆಗಿಲ್ಲ’ ಎಂಬ ಮಾತನ್ನು ಆಮೇಲೆ ಆಕೆ ಹೇಳಿಲ್ಲ.

ಮೊದಲ ದಿನವೇ ಒಂದು ಪ್ರಶ್ನೆ ನೇರವಾಗಿ ಕೇಳಿದ್ದೆ. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಾ ಅಂತ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಭಯ ಬೇಡ, ಕೇಳಲೇಬೇಕು. ಆಕೆಗೆ ಹಾಗಿರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುವುದೇ ಮೊದಲ ಕೆಲಸವಾಗುತ್ತಿತ್ತು.

ಎರಡನೇ ಸಲ ಬಂದಾಗ ಫೋನಿನಲ್ಲಿ ಒಂದು ಅಂಕ ತೋರಿಸಿದರು. ಬಾಲ್ಯದ ಕಹಿ ಅನುಭವಗಳನ್ನು ಎಣಿಸುವ ಪ್ರಶ್ನಾವಳಿ ತುಂಬಿದ್ದರು. ‘ಇಷ್ಟು ಬಂದವರಿಗೆ ಆಯುಷ್ಯ ಕಡಿಮೆ ಅಂತೆ, ಹೌದಾ?’ ಈ ಎಣಿಕೆಯ ಹಿಂದೆ ಇರುವುದು ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಎಂಬ ವೈದ್ಯರು ನಡೆಸಿದ ದೊಡ್ಡ ಅಧ್ಯಯನ. 1998ರಲ್ಲಿ ಮೊದಲ ವರದಿ ಬಂತು. ಒಟ್ಟು 17,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಬಾಲ್ಯದ ಕಷ್ಟ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕಾಯಿಲೆಗಳೂ ಜಾಸ್ತಿ ಕಾಣುತ್ತವೆ ಎಂದು ಅದು ತೋರಿಸಿದ್ದು ನಿಜ. ಆದರೆ ಅದು ಸಾವಿರಾರು ಜನರ ಒಟ್ಟು ಲೆಕ್ಕ. ಒಬ್ಬ ವ್ಯಕ್ತಿಯ ಹಣೆಬರಹವನ್ನು ಆ ಅಂಕದಿಂದ ಓದಬಾರದು ಅಂತ ಆಂಡಾ ಅವರೇ 2020ರಲ್ಲಿ ಎಚ್ಚರಿಸಿ ಬರೆದಿದ್ದಾರೆ. ಟೀಚರ್ ಒಬ್ಬರು ಕರೆದು ಕೂರಿಸಿ ಮಾತಾಡಿಸಿದ್ದು ಆ ಪ್ರಶ್ನಾವಳಿಯ ಎಣಿಕೆಯಲ್ಲಿ ಎಲ್ಲಿ ಬರುತ್ತದೆ? ಆಂಟಿಯ ಡಬ್ಬ ಎಲ್ಲಿ ಬರುತ್ತದೆ?

ಆ ಡಬ್ಬದ ವಿಷಯ ಹೇಳಲೇಬೇಕು. ಆಂಟಿ ಮನೆಗೆ ಬಂದ ಹೊಸದರಲ್ಲಿ ಹುಡುಗಿ ದಿಂಬಿನ ಕೆಳಗೆ ತಿಂಡಿ ಬಚ್ಚಿಡುತ್ತಿದ್ದಳು. ಹಾಸಿಗೆಗೆಲ್ಲ ಇರುವೆ ಹತ್ತಿತು. ಆಂಟಿ ಹಾಸಿಗೆ ಕೊಡವಿದರು, ಬೈಯಲಿಲ್ಲ. ಸಂಜೆ ಮುಚ್ಚಳವಿರುವ ಒಂದು ತಗಡಿನ ಡಬ್ಬ ತಂದು ಮಂಚದ ಪಕ್ಕ ಇಟ್ಟರು. ‘ಇದು ನಿಂದು. ಖಾಲಿ ಆದ್ರೆ ಹೇಳು’ ಅಂದರು. ಅವಳು ಹೇಳಲಿಲ್ಲ. ಒಂದು ಸಲವೂ ಹೇಳಲಿಲ್ಲ. ಆದರೂ ಡಬ್ಬ ಖಾಲಿ ಇದ್ದ ದಿನ ಇರಲಿಲ್ಲ. ಹಸಿದು ಬೆಳೆದ ಮಕ್ಕಳು ತಿನ್ನುವುದನ್ನು ಬಚ್ಚಿಟ್ಟರೆ ಅದು ಕಳ್ಳತನ ಅಲ್ಲ. ನಾಳೆಯ ಮೇಲೆ ಅವರಿಗೆ ನಂಬಿಕೆ ಇಲ್ಲ, ಅಷ್ಟೇ. ಆ ನಂಬಿಕೆಯನ್ನು ಆಂಟಿ ಒಂದು ಡಬ್ಬದಲ್ಲಿ ದಿನಾ ತುಂಬಿಸಿಟ್ಟರು. ಯಾವ ತರಬೇತಿಯೂ ಇಲ್ಲದೆ ಆಂಟಿಗೆ ಇದು ಹೊಳೆದದ್ದು ನೆನೆದರೆ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ರುಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲೆ 2000ದಲ್ಲಿ ಬುಕಾರೆಸ್ಟ್‌ನಲ್ಲಿ ಒಂದು ಅಧ್ಯಯನ ಶುರುವಾಯಿತು. 136 ಪುಟ್ಟ ಮಕ್ಕಳಲ್ಲಿ ಅರ್ಧ ಮಕ್ಕಳನ್ನು ತರಬೇತಿ ಪಡೆದ ಸಾಕುಕುಟುಂಬಗಳಿಗೆ ಕೊಟ್ಟರು. ಉಳಿದವರಿಗೆ ಸಂಸ್ಥೆಯ ಆರೈಕೆಯೇ ಮುಂದುವರಿಯಿತು. ಮನೆ ಸಿಕ್ಕ ಮಕ್ಕಳ ಬುದ್ಧಿ ಬೆಳವಣಿಗೆಯೂ ಬಾಂಧವ್ಯವೂ ಸುಧಾರಿಸಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಹಲವು ವಿಷಯಗಳಲ್ಲಿ ಹೆಚ್ಚು ಸುಧಾರಣೆ ಕಂಡಿತು. ಇದನ್ನು ಹೇಳಿದಾಗ ಆಕೆ ತಕ್ಷಣ, ‘ನಂಗೆ ಒಂಬತ್ತು, ತಡ ಆಗಿಹೋಗಿತ್ತು’ ಅಂದರು. ಇಲ್ಲ ಅಂದೆ. ಬೇಗ ಸಿಕ್ಕರೆ ಒಳ್ಳೆಯದು ಅನ್ನುವುದಕ್ಕೂ ತಡವಾದರೆ ಮುಗಿದೇಹೋಯಿತು ಅನ್ನುವುದಕ್ಕೂ ತುಂಬಾ ದೂರ.

ಮೂರನೇ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ಹೆತ್ತ ಅಮ್ಮನಿಗೆ ಒಂದು ಕಾಗದ ಬರೆಯಿರಿ, ಕಳಿಸುವುದು ಬೇಡ, ಸುಮ್ನೆ ಬರೆಯಿರಿ ಅಂದೆ. ಅಮ್ಮ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಆಕೆ ತಲೆಯಾಡಿಸಿ ಹೋದರು. ಮುಂದಿನ ಎರಡು ಭೇಟಿಗೆ ಬರಲೇ ಇಲ್ಲ. ಬೇಡ ಅಂತ ಹೇಳಲು ಬಾರದವರಿಗೆ ನಾನು ಹೇಳಿದ್ದು ಸಲಹೆಯಲ್ಲ, ಅಪ್ಪಣೆ ಆಗಿತ್ತು. ಫೋನ್ ಮಾಡಿ, ‘ನಾನು ಆತುರ ಮಾಡಿದೆ, ಆ ಕಾಗದ ಬಿಟ್ಟುಬಿಡಿ’ ಅಂದೆ. ಆಮೇಲೆ ಬಂದರು. ಅಮ್ಮನ ಮೇಲೆ ಸಿಟ್ಟೂ ಇದೆ, ಅಯ್ಯೋ ಅನ್ನಿಸುವುದೂ ಇದೆ. ಎರಡೂ ಇರಲಿ, ಒಂದನ್ನು ಆರಿಸಬೇಕಾಗಿಲ್ಲ ಎಂದಷ್ಟೇ ಈಗ ಹೇಳಿದ್ದೇನೆ.

ಆಗಲೇ ಒಂದು ಅಭ್ಯಾಸ ಶುರು ಮಾಡಿದೆವು. ದಿನಕ್ಕೆ ಒಂದು ಸಣ್ಣ ವಿಷಯ ಯಾರನ್ನಾದರೂ ಕೇಳುವುದು. ‘ಇಲ್ಲ’ ಅಂದರೂ ನಷ್ಟವಿಲ್ಲದಂಥದ್ದು. ಆಫೀಸಿನಲ್ಲಿ ಪೆನ್ನು, ಬಸ್ಸಿನಲ್ಲಿ ಕಿಟಕಿ ಸೀಟು. ಮೊದಲ ವಾರ ಕೇಳುವ ಮುಂಚೆ ಕೈ ತಣ್ಣಗಾಗುತ್ತಿತ್ತು ಅಂದರು. ಮೂವರು ‘ಇಲ್ಲ’ ಅಂದರಂತೆ. ‘ಇಲ್ಲ ಅಂದ ಮೇಲೂ ಅವರು ನನ್ನ ಜೊತೆ ಮಾಮೂಲಾಗೇ ಮಾತಾಡಿದ್ರು ಮೇಡಂ’ ಎಂದು ಹೇಳುವಾಗ ಮುಖದಲ್ಲಿದ್ದ ಆಶ್ಚರ್ಯ ನಾನು ಮರೆಯಲ್ಲ.

ಬಾಗಿಲ ಹಿಂದಿನ ಬ್ಯಾಗನ್ನು ಬಿಚ್ಚಿ ಅಂತ ನಾನು ಹೇಳಿಲ್ಲ. ಅದು ಆಕೆಯನ್ನು ಇಷ್ಟು ವರ್ಷ ಕಾದಿದೆ. ಅದರಲ್ಲಿ ಆಂಟಿ ಮನೆಯ ಒಂದು ವಸ್ತುವನ್ನೂ ಇಟ್ಟುಕೊಳ್ಳಿ ಅಂದೆ. ಯಾವುದು ಇಟ್ಟರು ಅಂತ ನಾನು ಕೇಳಿಲ್ಲ.

ಆಂಟಿಯ ವಿಷಯ ಮಾತ್ರ ಕಗ್ಗಂಟಾಗಿತ್ತು. ‘ಅವರ ಋಣ ತೀರಿಸೋಕೆ ಆಗಲ್ಲ’ ಎಂಬ ಮಾತು ಪ್ರತಿ ಸಲ ಬರುತ್ತಿತ್ತು. ತಿಂಗಳು ತಿಂಗಳು ಹಣ ಕಳಿಸುತ್ತಾರೆ, ಔಷಧಿ ತಂದುಕೊಡುತ್ತಾರೆ. ಹತ್ತು ನಿಮಿಷ ಜಾಸ್ತಿ ಕೂರುವುದಿಲ್ಲ. ಸಾಕುಮನೆಯಲ್ಲಿ ಬೆಳೆದ ಮಕ್ಕಳಿಗೆ ‘ನಿನಗೆ ಮನೆ ಕೊಟ್ಟಿದ್ದಾರೆ, ನೆನಪಿಟ್ಟುಕೋ’ ಅಂತ ಹೇಳುವವರು ಊರು ತುಂಬಾ ಇರುತ್ತಾರೆ. ನನ್ನ ಅಭಿಪ್ರಾಯ ಗಟ್ಟಿ. ಮಗುವಿಗೆ ಊಟ, ಹಾಸಿಗೆ, ಪ್ರೀತಿ ಕೊಡುವುದು ಸಾಲ ಅಲ್ಲ. ತೀರಿಸುವ ಮಾತೇ ಬರಬಾರದು. ಸಾಲ ಅಂದುಕೊಂಡಿರುವ ತನಕ ಪಕ್ಕದಲ್ಲಿ ಸುಮ್ಮನೆ ಕೂರುವುದಕ್ಕೂ ಆಗುವುದಿಲ್ಲ, ನೋಡಿ.

‘ಅಮ್ಮ ಅಂತ ಕರೀಬೇಕಾ?’ ಅಂತ ಕೇಳಿದರು. ಬೇಕಾಗಿಲ್ಲ. ಇಪ್ಪತ್ತು ವರ್ಷ ಬಾಯಿಗೆ ಬಂದಿರುವ ‘ಆಂಟಿ’ಯಲ್ಲೇ ಎಲ್ಲ ಇದೆ. ಕೌಂಟರಿನ ಮಾತಿಗೆ ಉದ್ದದ ಕ್ಷಮಾಪಣೆ ಬೇಡ, ಎರಡೇ ಮಾತು ಹೇಳಿ ಅಂದೆ. ‘ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ, ಬಾಯಿಂದ ತಪ್ಪು ಮಾತು ಬಂತು.’ ಹೋಗಿ ಹೇಳಿದರು. ಆಂಟಿ ಸ್ವಲ್ಪ ಹೊತ್ತು ಬಿಟ್ಟು, ‘ನಂಗೂ ಗೊತ್ತಿಲ್ಲ ಕಣೇ. ನಿಮ್ಮ ಶಾಲೆ ಫಾರಂನಲ್ಲಿ ನಾನೂ ಆ ಜಾಗ ಖಾಲಿ ಬಿಡ್ತಿದ್ದೆ’ ಅಂದರಂತೆ. ತಾಯಿ ಅಂತ ಬರೆದರೆ ಹುಡುಗಿಗೆ ಬೇಜಾರಾದೀತು ಅಂತ. ಅವತ್ತು ಆಕೆ ರಾತ್ರಿ ಅಲ್ಲೇ ಉಳಿದರು.

ಇನ್ನು ತಮ್ಮ. ಅವನನ್ನು ಬೇರೆ ಮನೆಗೆ ಕಳಿಸಿದ್ದು ತನ್ನಿಂದಲೇ ಅಂತ ಆಕೆ ನಂಬಿದ್ದರು. ‘ನಾನು ಅವನನ್ನ ಯಾರ ಹತ್ತಿರಾನೂ ಬಿಡ್ತಿರಲಿಲ್ಲ. ಅದಕ್ಕೇ ಬೇರೆ ಮಾಡಿದ್ರು.’ ಏಳು ವರ್ಷದ ಪುಟ್ಟ ಅಮ್ಮನಿಗೆ ಅದೇ ಕಾರಣ ಕಂಡಿರಬೇಕು. ಒಡನಾಟವಿರುವ ಅಣ್ಣತಮ್ಮ ಅಕ್ಕತಂಗಿಯರನ್ನು, ಅಪಾಯದಂಥ ಬಲವಾದ ಕಾರಣವಿಲ್ಲದೆ, ಬೇರೆ ಬೇರೆ ಕಡೆ ಇಡಬಾರದು ಎಂದು ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಮಾರ್ಗಸೂಚಿಯೇ ಹೇಳುತ್ತದೆ. ಇಬ್ಬರಿಗೂ ಒಂದೇ ಕಡೆ ಜಾಗ ಹುಡುಕುವುದು ದೊಡ್ಡವರ ಕೆಲಸವಾಗಿತ್ತು. ಅವರು ಮಾಡಲಿಲ್ಲ. ಮಕ್ಕಳ ರಕ್ಷಣೆಯವರ ಹತ್ತಿರ ಇರುವ ನಿಮ್ಮ ಕಡತದ ಪ್ರತಿ ಕೇಳಿ ತರಿಸಿಕೊಳ್ಳಿ, ಆದರೆ ಒಬ್ಬರೇ ಓದಬೇಡಿ ಅಂದೆ. ನಮ್ಮ ಕೋಣೆಯಲ್ಲೇ ಇಬ್ಬರೂ ಓದಿದೆವು. ಬೇರೆ ಮಾಡಿದ ಕಾರಣ ಒಂದೇ ಸಾಲು. ‘ಒಂದು ಮಗುವಿಗೆ ಮಾತ್ರ ಸ್ಥಳವಿದೆ.’ ಆಕೆ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಅತ್ತರು. ನಾನು ನೋಡಿದ ಹಾಗೆ ಅದೇ ಮೊದಲು. ಅತ್ತು ಮುಗಿಸಿ, ‘ಫ್ಯಾನ್ ಸ್ವಲ್ಪ ಕಡಿಮೆ ಮಾಡ್ತೀರಾ?’ ಅಂದರು.

ತಮ್ಮನ ನಂಬರ್ ಸಿಕ್ಕಿದೆ. ಒಂದು ಚಿಕ್ಕ ಮೆಸೇಜ್ ಕಳಿಸಿ ಎರಡು ವಾರವಾಯಿತು. ನೋಡಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ಇನ್ನೊಂದು ಕಳಿಸಲಾ ಅಂತ ಕೇಳಿದರು. ಸದ್ಯಕ್ಕೆ ಬೇಡ ಅಂದೆ. ಅವನ ಬಾಗಿಲ ಹಿಂದೆಯೂ ಏನೋ ಒಂದು ಕಟ್ಟಿಟ್ಟಿರಬಹುದು, ಬಿಚ್ಚಲು ಅವನಿಗೂ ಸಮಯ ಬೇಕು. ಮುಂದಿನ ಭೇಟಿ ಹದಿನೈದು ದಿನಕ್ಕಿದೆ. ಆಂಟಿಯನ್ನೂ ಕರೆದುಕೊಂಡು ಬರಬಹುದಾ ಅಂತ ಆಕೆಯೇ ಕೇಳಿದ್ದಾರೆ. ಕುರ್ಚಿ ಇನ್ನೊಂದು ಹಾಕಿಸಬೇಕು.