ಓದಲು ಮಹಾನಗರಕ್ಕೆ ಬಂದವರಿಗೆ ಮೊದಲ ದಿನಗಳು ಇಷ್ಟು ಕಷ್ಟವಾಗುವುದೇಕೆ?

ಓದಿಗಾಗಿ ದೊಡ್ಡ ನಗರಕ್ಕೆ ಬಂದು ಆರು ದಿನವಾಯಿತು, ರಾತ್ರಿ ನಿದ್ದೆ ಹತ್ತುತ್ತಿಲ್ಲ, ದಿನವೂ ದಾರಿ ತಪ್ಪುತ್ತಿದ್ದೇನೆ, ಮಾತನಾಡಲು ಒಬ್ಬರೂ ಇಲ್ಲ, ವಾಪಸು ಹೋಗಿಬಿಡಲೇ ಎಂದು ಕೇಳಿದ್ದೀರಿ. ಆರೇ ದಿನ ನೋಡಿ ಅಂಥ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ಸ್ನಾತಕೋತ್ತರ ತರಗತಿಗೆ ಸೇರಿದ ಮೊದಲ ವಾರಗಳಲ್ಲಿ ಈ ಮೂರೂ ಕಷ್ಟಗಳನ್ನು ನಾನು ಪಟ್ಟಿದ್ದೇನೆ. ಆ ಮೂರೂ ಬೇರೆ ಬೇರೆಯಲ್ಲ, ಆ ಊರಿನ ನಕ್ಷೆ ತಲೆಯೊಳಗೆ ಇನ್ನೂ ಮೂಡದಿರುವುದೇ ಅವುಗಳಿಗೆ ಬಹುಪಾಲು ಕಾರಣವೆಂದು ಆಮೇಲೆ ನನಗೆ ಅರ್ಥವಾಯಿತು.

ನಿದ್ದೆಯ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಗಾಢ ನಿದ್ದೆಯಲ್ಲಿಯೂ ಮೆದುಳಿನ ಎಡ ಅರ್ಧದ ಕೆಲವು ಭಾಗಗಳು ಬಲ ಅರ್ಧಕ್ಕಿಂತ ಹೆಚ್ಚು ಎಚ್ಚರವಾಗಿದ್ದು, ಅಪರಿಚಿತ ಸದ್ದುಗಳಿಗೆ ಕಿವಿಗೊಟ್ಟಿರುತ್ತವೆ ಎಂಬುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅದೇ ಜನ ಅದೇ ಜಾಗದಲ್ಲಿ ಮತ್ತೊಮ್ಮೆ ಮಲಗಿದಾಗ ಆ ವ್ಯತ್ಯಾಸ ಕಾಣಲಿಲ್ಲ. ನಗರದ ರಾತ್ರಿಯ ಸದ್ದುಗಳು ಬಗೆಬಗೆಯವಾದ್ದರಿಂದ ನಿಮಗೆ ಇನ್ನೂ ಕೆಲವು ದಿನ ಹಿಡಿಯಬಹುದು. ಮನೆಯಿಂದ ತಂದ ಹೊದಿಕೆಯನ್ನೇ ಹೊದ್ದು, ದಿನವೂ ಒಂದೇ ಹೊತ್ತಿಗೆ ಮಲಗುವುದು ನನಗೆ ಸಹಾಯ ಮಾಡಿತು.

ದಾರಿ ತಪ್ಪುವುದೇ ನಿಜವಾಗಿ ಮನಸ್ಸನ್ನು ಕುಗ್ಗಿಸುವ ಸಂಗತಿ. ನಾನು ಇಳಿಯುತ್ತಿದ್ದ ಮೆಟ್ರೋ ನಿಲ್ದಾಣಕ್ಕೆ ನಾಲ್ಕು ದ್ವಾರಗಳಿದ್ದವು. ಜನರ ನೂಕುನುಗ್ಗಲು ಎತ್ತ ಒಯ್ದರೆ ಅತ್ತ ಹೊರಬರುತ್ತಿದ್ದೆನಾದ್ದರಿಂದ ಪ್ರತಿ ಸಲವೂ ಬೇರೆಯೇ ಬೀದಿ ಎದುರಾಗುತ್ತಿತ್ತು. ಮೊಬೈಲಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಎತ್ತ ಸರಿಯುತ್ತದೆಂದು ನೋಡಲು ಹತ್ತು ಹೆಜ್ಜೆ ಮುಂದೆ ನಡೆದು, ತಪ್ಪೆಂದು ಗೊತ್ತಾಗಿ, ಅದೇ ಹತ್ತು ಹೆಜ್ಜೆ ಹಿಂದಕ್ಕೆ ಬರುವಾಗ ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನಿಸಿ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ವಸತಿನಿಲಯದಲ್ಲಿದ್ದ ಹಿರಿಯ ವಿದ್ಯಾರ್ಥಿನಿಯೊಬ್ಬರು ಇದನ್ನು ಕೇಳಿ ಎರಡು ಮಾತು ಹೇಳಿದರು: ಒಂದು ತಿಂಗಳು ಒಂದೇ ದ್ವಾರದಿಂದ ಹೊರಗೆ ಬಾ, ಹೋಗುವಾಗ ಪ್ರತಿ ತಿರುವಿನಲ್ಲೂ ನಿಂತು ಒಮ್ಮೆ ಹಿಂತಿರುಗಿ ನೋಡು. ಎರಡನೆಯ ಮಾತಿನ ಬೆಲೆ ನನಗೆ ಮರುದಿನವೇ ತಿಳಿಯಿತು. ಕಾಲೇಜಿಗೆ ಹೋಗುವಾಗ ನಾನು ಗುರುತಿಟ್ಟುಕೊಂಡಿದ್ದ ಹಸಿರು ಬಣ್ಣದ ಕಬ್ಬಿಣದ ಮೆಟ್ಟಿಲು, ಬರುವಾಗ ಮರದ ಮರೆಯಲ್ಲಿ ಪೂರ್ತಿ ಮುಚ್ಚಿಹೋಗುತ್ತಿತ್ತು. ಅದಕ್ಕೇ ನಾನು ಆ ತಿರುವನ್ನು ದಿನವೂ ದಾಟಿ ಮುಂದೆ ಹೋಗಿಬಿಡುತ್ತಿದ್ದೆ.

ನಗರಗಳನ್ನು ಜನ ಹೇಗೆ ನೆನಪಿನಲ್ಲಿಟ್ಟುಕೊಳ್ಳುತ್ತಾರೆ ಎಂಬುದನ್ನು ಅಭ್ಯಾಸ ಮಾಡಿದ ಕೆವಿನ್ ಲಿಂಚ್ ಎಂಬ ನಗರ ಯೋಜಕರು, ದಾರಿಗಳು, ಅಂಚುಗಳು, ಬಡಾವಣೆಗಳು, ಕೂಡುತಾಣಗಳು ಮತ್ತು ಗುರುತಿನ ಕಟ್ಟಡಗಳು ಎಂಬ ಐದರಿಂದ ನಮ್ಮ ಮನಸ್ಸಿನ ನಕ್ಷೆ ಕಟ್ಟಿಕೊಳ್ಳುತ್ತದೆ ಎಂದು 1960ರಲ್ಲಿಯೇ ವಿವರಿಸಿದ್ದರು. ಮೆದುಳಿನಲ್ಲಿ ಇದಕ್ಕೆ ನೆಲೆಯಿರುವುದೂ ಖಚಿತವಾಗಿದೆ. ಇಲಿಯು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಜೀವಕೋಶಗಳನ್ನು ನರವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಗುರುತಿಸಿದರು. ಆ ಶೋಧಕ್ಕಾಗಿ ಅವರು ಮುಂದೆ 2014ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಇಂಥ ನಕ್ಷೆ ಗಟ್ಟಿಯಾಗಬೇಕಾದರೆ ನಾವೇ ಕಣ್ಣು ತೆರೆದು ಓಡಾಡಬೇಕು. ಹೊಸ ಜಾಗಕ್ಕೆ ಹೋಗುವಾಗ ಮೊಬೈಲ್ ನೋಡಿದರೆ ತಪ್ಪೇನಿಲ್ಲ, ಆದರೆ ದಿನವೂ ಹೋಗುವ ದಾರಿಯಲ್ಲಿ ಅದನ್ನು ಚೀಲದೊಳಗಿಡಿ. ಮೊದಲ ಎರಡು ಭಾನುವಾರ ನಗರದ ಪ್ರಸಿದ್ಧ ಸ್ಥಳಗಳನ್ನು ನೋಡಲು ಹೋಗುವ ಬದಲು, ಹಗಲು ಹೊತ್ತಿನಲ್ಲಿ ಕೋಣೆಯ ಸುತ್ತಲಿನ ಒಂದು ಕಿಲೋಮೀಟರನ್ನು ನಡೆದು ನೋಡಿ. ಔಷಧಿ ಅಂಗಡಿ, ಆಸ್ಪತ್ರೆ, ಪೊಲೀಸ್ ಠಾಣೆ, ಜೆರಾಕ್ಸ್ ಅಂಗಡಿ ಎಲ್ಲಿವೆ ಎಂದು ತಿಳಿದುಕೊಂಡು, ಕೋಣೆಗೆ ಮರಳಲು ಎರಡನೆಯ ದಾರಿಯೊಂದನ್ನೂ ಕಂಡುಕೊಳ್ಳಿ. ವಿಳಾಸವನ್ನೂ ಇಬ್ಬರ ದೂರವಾಣಿ ಸಂಖ್ಯೆಯನ್ನೂ ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟಿರಿ. ಬ್ಯಾಟರಿ ಮುಗಿದ ರಾತ್ರಿ ನನ್ನನ್ನು ಕೋಣೆಗೆ ತಲುಪಿಸಿದ್ದು ಅಂಥದೊಂದು ಚೀಟಿ.

ಇನ್ನು ಜನರ ಮಾತು. ನಗರದವರು ಮುಖ ನೋಡಿ ಮಾತನಾಡುವುದಿಲ್ಲ ಎಂದು ನೀವು ನೊಂದುಕೊಂಡಿದ್ದೀರಿ. ಎಡೆಬಿಡದೆ ಬಂದು ಎರಗುವ ನೋಟ, ಸದ್ದು, ಮುಖಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ನಗರವಾಸಿಗಳು ಇಂಥದೊಂದು ಬಿಗುಮಾನವನ್ನು ರೂಢಿಸಿಕೊಳ್ಳುತ್ತಾರೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಜಿಮ್ಮೆಲ್ 1903ರಲ್ಲಿ ಬರೆದಿದ್ದರು. ಅದು ನಿಮ್ಮ ಮೇಲಿನ ತಿರಸ್ಕಾರವಲ್ಲ, ಇದನ್ನು ಮನಸ್ಸಿಗೆ ತಂದುಕೊಳ್ಳಿ. ದಿನವೂ ಒಂದೇ ಹೊತ್ತಿಗೆ, ಒಂದೇ ಬೋಗಿಯಲ್ಲಿ, ಗ್ರಂಥಾಲಯದ ಒಂದೇ ಮೇಜಿನಲ್ಲಿ ಕಾಣಿಸಿಕೊಳ್ಳಿ. ಮಾತಿಲ್ಲದೆಯೇ ಪರಿಚಿತವಾಗುವ ಇಂಥ ಮುಖಗಳನ್ನು ರೈಲು ನಿಲ್ದಾಣಗಳಲ್ಲಿ ಅಭ್ಯಾಸ ಮಾಡಿದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ, ಅಂಥ ಪರಿಚಿತ ಮುಖದವರು ದಿನನಿತ್ಯದ ಜಾಗ ಬಿಟ್ಟು ದೂರದಲ್ಲೆಲ್ಲೋ ಎದುರಾದಾಗ ಮಾತು ಆರಂಭವಾಗುವ ಸಾಧ್ಯತೆ ಹೆಚ್ಚು ಎಂದು ಗಮನಿಸಿದ್ದರು. ನನಗೆ ಆದದ್ದೂ ಹಾಗೆಯೇ. ಗ್ರಂಥಾಲಯದಲ್ಲಿ ಮೂರು ವಾರ ಎದುರಿಗೆ ಕುಳಿತು ಒಂದು ಮಾತೂ ಆಡದಿದ್ದ ಹುಡುಗಿ, ದಂತವೈದ್ಯರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕುಳಿತಿದ್ದ ನನ್ನನ್ನು ಕಂಡು, "ಓ, ಕಿಟಕಿ ಪಕ್ಕದವರು!" ಎಂದು ತಾನಾಗಿಯೇ ಹತ್ತಿರ ಬಂದಳು. ಅಂದಿನಿಂದ ನಾವಿಬ್ಬರೂ ಒಟ್ಟಿಗೆ ಮರಳುತ್ತಿದ್ದೆವು.

ಮನೆಗೆ ಫೋನ್ ಮಾಡುವುದನ್ನು ಬಿಡಬೇಡಿ, ಆದರೆ ಅದಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಅಳು ಬಂದಾಗಲೆಲ್ಲ ಕರೆ ಮಾಡುತ್ತಿದ್ದ ದಿನಗಳಲ್ಲಿ ನಾನು ಕೋಣೆಯಿಂದ ಹೊರಗೇ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಯೂ ಕೆಲವು ವಾರಗಳ ನಂತರವೂ ನಿದ್ದೆ ಬಾರದೆ, ಊಟ ಸೇರದೆ, ತರಗತಿಗೆ ಹೋಗಲು ಕಾಲೇಳದೆ ಇದ್ದರೆ ಮನೆಯವರಿಗೆ ಮುಚ್ಚಿಡದೆ ತಿಳಿಸಿ, ಕಾಲೇಜಿನ ಆಪ್ತಸಮಾಲೋಚಕರನ್ನಾಗಲಿ ವೈದ್ಯರನ್ನಾಗಲಿ ಕಾಣಿರಿ. ತೀರಾ ಸಹಿಸಲಾರೆ ಎನಿಸಿದರಂತೂ ಅಷ್ಟು ದಿನ ಕಾಯದೆ ಇಂದೇ ಹೋಗಿ. ಮರಳಿ ಹೋಗುವ ವಿಚಾರವನ್ನು ಅವರೆದುರು ಕುಳಿತು ಚರ್ಚಿಸಬಹುದು.