ಪಾಮರೇನಿಯನ್ ಕೂದಲು ಉದುರುವುದಕ್ಕೆ

ದಿನಾ ಬಾಚಿದರೂ ನಿಮ್ಮ ಪಾಮರೇನಿಯನ್ ನಾಯಿಯ ಕೂದಲು ಮನೆ ತುಂಬಾ ಉದುರುತ್ತಿದೆ ಎಂದರೆ, ಬಹುಶಃ ಬ್ರಷ್ ಮೇಲ್ಪದರವನ್ನಷ್ಟೇ ಸವರುತ್ತಿದೆ. ಉದುರುತ್ತಿರುವುದು ಒಳಗಿನ ಹತ್ತಿಯಂಥ ಮೃದು ಕೂದಲು. ಮೊದಲು ತೆಳುವಾಗಿ ನೀರು ಸ್ಪ್ರೇ ಮಾಡಿ. ಒಣಕೂದಲು ಬಾಚಿದರೆ ತುಂಡಾಗುತ್ತದೆ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆದು, ಸ್ಲಿಕರ್ (ಸಣ್ಣ ತಂತಿ ಹಲ್ಲುಗಳಿರುವ) ಬ್ರಷ್‌ನಿಂದ ಬುಡದಿಂದ ತುದಿಗೆ ಸ್ವಲ್ಪಸ್ವಲ್ಪವೇ ಬಾಚಿ. ಒತ್ತಬೇಡಿ, ತಂತಿ ಚರ್ಮ ಗೀರುತ್ತದೆ. ಆಮೇಲೆ ಸ್ಟೀಲ್ ಬಾಚಣಿಗೆ ಆಡಿಸಿ. ಎಲ್ಲಿ ತಡೆಯುತ್ತದೋ ಅಲ್ಲಿ ಗಂಟು ಉಳಿದಿದೆ. ಕಿವಿಯ ಹಿಂದೆ, ಕಂಕುಳು, ತೊಡೆಯ ಹಿಂಭಾಗ ಮರೆಯಬೇಡಿ. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ.

ದಯವಿಟ್ಟು ಬೋಳಿಸಲು ಮಾತ್ರ ಹೋಗಬೇಡಿ. ಈ ತಳಿಯಲ್ಲಿ ಕೂದಲು ಮತ್ತೆ ಸರಿಯಾಗಿ ಬಾರದಿರಬಹುದು. ಅಲ್ಲಲ್ಲಿ ಬೋಳಾಗಿದ್ದರೆ, ಕೆರೆದುಕೊಳ್ಳುತ್ತಿದ್ದರೆ, ಚರ್ಮ ಕೆಂಪಾಗಿದ್ದರೆ ಬಾಚಿ ಪ್ರಯೋಜನವಿಲ್ಲ, ಪಶುವೈದ್ಯರಿಗೆ ತೋರಿಸಿ.