ವಿಎ ತಪಾಸಣೆ ತಪ್ಪಿದರೆ ಕ್ಲೇಮು ಹೋಯಿತೇ?

ಅಮೆರಿಕದ ಸೈನ್ಯದಲ್ಲಿದ್ದ ಯಜಮಾನರಿಗೆ ಜ್ವರ ಬಂದು ವಿಎ (ಅಲ್ಲಿನ ಮಾಜಿ ಸೈನಿಕರ ಇಲಾಖೆ) ತಪಾಸಣೆ ತಪ್ಪಿತು, ಕ್ಲೇಮು ಹೋಯಿತೇ ಅಂತ ಕೇಳಿದ್ದೀರಿ. ಅಷ್ಟಕ್ಕೇ ಹೋಗಲ್ಲ ಮೇಡಂ, ಆದರೆ ಸುಮ್ನೆ ಕೂರಬೇಡಿ. ಇದು ಮಾಮೂಲಿ ಡಾಕ್ಟರ್ ಭೇಟಿಯಲ್ಲ, ಸೇವೆಯಿಂದಾದ ಅಂಗವೈಕಲ್ಯಕ್ಕೆ ಪರಿಹಾರಧನ ನಿರ್ಧರಿಸುವ ತಪಾಸಣೆ. ಕಾರಣ ಹೇಳದೆ ತಪ್ಪಿಸಿದರೆ, ಮೊದಲ ಸಲದ ಕ್ಲೇಮನ್ನು ಫೈಲಿನಲ್ಲಿರುವ ಕಾಗದ ನೋಡಿಯೇ ತೀರ್ಮಾನಿಸುತ್ತಾರೆ. ಈಗಾಗಲೇ ಕೊಟ್ಟಿರುವ ಅಂಗವೈಕಲ್ಯದ ಶೇಕಡಾ ಹೆಚ್ಚಿಸಿ ಅಂತ ಹಾಕಿದ್ದರೆ ತಿರಸ್ಕಾರವೇ. ಇದು ಸ್ವಲ್ಪ ಜಾಸ್ತಿಯಾಯ್ತು ಅನ್ನಿಸುತ್ತೆ, ಅಲ್ವಾ? ಆದರೆ ಕಾಯಿಲೆ, ಆಸ್ಪತ್ರೆ ಸೇರಿದ್ದು, ಹತ್ತಿರದವರ ಸಾವು ಇವನ್ನು ನಿಯಮವೇ ಒಪ್ಪುತ್ತದೆ. ಇವತ್ತೇ ಫೋನ್ ಮಾಡಿ ಬೇರೆ ದಿನ ಕೇಳಿ. ಜ್ವರದ ದಿನದ ಡಾಕ್ಟರ್ ಚೀಟಿ, ಮಾತ್ರೆಯ ರಸೀದಿ ಲಗತ್ತಿಸಿ. ವಿಎ ಬಳಿ ಇರುವ ನಿಮ್ಮ ವಿಳಾಸವನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮ ಭಾವನಿಗೆ ಬರಬೇಕಿದ್ದ ಪತ್ರ ಹಳೇ ಬಾಡಿಗೆ ಮನೆಯ ಡಬ್ಬದಲ್ಲಿ ಮೂರು ವಾರ ಬಿದ್ದಿತ್ತು.